ಹೆಗಲಿಗೆ ಬೀಳುವ ಪಾಲು

ನಮ್ಮ ಅಳಿಯ ದಿನಾ ಬೆಳಿಗ್ಗೆ ಡೈರಿಗೆ ಹೊರಡುವ ಮೊಪೆಡ್ಡಿನ ಒಂದು ಪಕ್ಕಕ್ಕೆ ಹಾಲಿನ ಕ್ಯಾನು ತೂಗಿದರೆ, ಇನ್ನೊಂದು ಪಕ್ಕಕ್ಕೆ ಗೋಣಿಚೀಲದೊಳಗೆ ಕಟ್ಟಿದ ಒಂದು ಕಲ್ಲು ತೂಗುತ್ತದೆ. ಕೊಟ್ಟಿಗೆಯಲ್ಲಿ ಎರಡು ಹಸು ಹಾಲು ಕೊಡುತ್ತಿದ್ದಾಗ ಎರಡೂ ಪಕ್ಕಕ್ಕೆ ಕ್ಯಾನುಗಳೇ ಇದ್ದವು. ಒಂದು ಹಸು ಗಬ್ಬವಾಗಿ ಹಾಲು ಬತ್ತಿದ ಮೇಲೆ ಅದರ ಕ್ಯಾನಿನ ಜಾಗಕ್ಕೆ ಈ ಕಲ್ಲು ಬಂದು ಕೂತಿತು. ಅಂದಿನಿಂದ ಕಲ್ಲು ತಪ್ಪದೆ ಡೈರಿಗೆ ಹೋಗುತ್ತದೆ, ಸರತಿಯಲ್ಲಿ ನಿಲ್ಲುತ್ತದೆ, ಫ್ಯಾಟು ಕಡಿಮೆ ಬಂತೆಂದು ಜನ ಮುನಿಸಿಕೊಳ್ಳುವುದನ್ನೂ ಪಂಚಾಯಿತಿಯ ಪಿಸುಮಾತುಗಳನ್ನೂ ಕೇಳಿಸಿಕೊಳ್ಳುತ್ತದೆ, ಒಂದು ತೊಟ್ಟು ಹಾಲನ್ನೂ ಕೊಡದೆ ಮರ್ಯಾದೆಯಿಂದ ಮನೆಗೆ ವಾಪಸಾಗುತ್ತದೆ. ನಗಬೇಡಿ. ಇಂಥ ಬಾಳು ಬಾಳಿದವರು ನಮ್ಮ ವಕ್ಕಲೇರಿಯ ಮನುಷ್ಯರಲ್ಲೂ ಇದ್ದಾರೆ. ಅವರಿಂದ ಮನೆಗೆ ಏನೂ ಬಾರದಿದ್ದರೂ ಅವರೊಬ್ಬರು ಎದ್ದು ಹೋದರೆ ಮನೆ ಒಂದು ಕಡೆಗೆ ವಾಲಿಬಿಡುತ್ತದೆ.

ಭಾರದ ವಿಚಾರ ಹೆಂಗಸರಿಗೆ ಹೊಸದಲ್ಲ. ನೀರು, ಸೌದೆ, ಕೂಸು, ಕಂಡವರ ಮಾತು, ಹೀಗೆ ಹೊರಬೇಕಾದದ್ದನ್ನೆಲ್ಲ ಹೊತ್ತವರೇ ನಾವು. ಆದರೆ ಭಾರವನ್ನು ಹೊರುವುದು ಬೇರೆ, ಅದು ಎಲ್ಲಿ ಕೂತಿದೆಯೆಂದು ನಿಂತು ನೋಡುವುದು ಬೇರೆ. ಈ ಎರಡನೆಯ ವಿದ್ಯೆ ನನಗೆ ಬಂದದ್ದು ನಮ್ಮ ಯಜಮಾನರಿಂದ. ಅವರ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ, ಈಗ ಬರೆಯುವುದಕ್ಕೂ ಕೈ ಬಾರದು. ಆದ್ದರಿಂದ ಮನೆಯಲ್ಲಿ ಅನ್ನುತ್ತಿದ್ದ ಹಾಗೆ 'ಇವರು' ಎಂದೇ ಅನ್ನುತ್ತೇನೆ. ಮದುವೆಮನೆಯಲ್ಲಿ ಊಟದ ಬೆಂಚಿನ ತುದಿಗೆ ದಪ್ಪನೆಯ ಬೀಗರು ಬಂದು ಕೂತರೆ ಇವರಿಗೆ ತುತ್ತು ಇಳಿಯುತ್ತಿರಲಿಲ್ಲ. "ನಡುವೆ ಇರೋರು ಎದ್ರೆ ಆಯಪ್ಪ ಹೋದ ನೋಡು" ಎಂದು ನನ್ನ ಕಿವಿಯಲ್ಲಿ ಉಸುರುತ್ತಿದ್ದರು. ಮಾಲೂರಿನ ಒಂದು ಮದುವೆಯಲ್ಲಿ ನಿಜವಾಗಿಯೂ ಹಾಗೇ ಆಗಿ, ಬೀಗರು ಎಲೆ ಪಾಯಸಗಳ ಸಮೇತ ನೆಲ ಸೇರಿದರು. ಎಲ್ಲರೂ ಎತ್ತಲು ಓಡಿದರೆ ಇವರು ಮಾತ್ರ 'ನಾನು ಹೇಳಿರಲಿಲ್ವಾ' ಎಂಬ ಮುಖ ಮಾಡಿಕೊಂಡು ಹಪ್ಪಳ ಮುರಿಯುತ್ತಿದ್ದರು. ಆ ದಿನ ನನಗೆ ಎಷ್ಟು ನಾಚಿಕೆಯಾಯಿತೆಂದರೆ ಕೈ ತೊಳೆಯಲು ಬೇರೆ ಸಾಲಿನಲ್ಲಿ ನಿಂತೆ.

ಇವರ ಈ ಹುಚ್ಚಿಗೆಲ್ಲ ಮೂಲ ಒಂದು ಗಾಡಿ. ಮಾಲೂರಿನ ಆಚೆ ಯಾವುದೋ ಕಾಲದಲ್ಲಿ ಹೊರದೇಶದ ತಳಿಯ ಹಸುಗಳನ್ನು ತಂದು ಸಾಕಿದ ದೊಡ್ಡದೊಂದು ಫಾರಂ ಇತ್ತಂತೆ. ಅದು ಮುಚ್ಚಿಹೋಗಿ, ಅಲ್ಲಿನ ದನ ಸಾಗಿಸುವ ಉದ್ದನೆಯ ಟ್ರೇಲರು ಲಂಟಾನದ ಪೊದೆಯೊಳಗೆ ಹೂತುಕೊಂಡು ತುಕ್ಕು ಹಿಡಿಯುತ್ತಿತ್ತು. ಇವರು ಮತ್ತು ಇವರ ಜೊತೆಗಾರ, ಮುಳಬಾಗಿಲಿನ ಡ್ರೈವರ್ ಬಾಷಾ, ಇಬ್ಬರೂ ಅದನ್ನು ಕಂಡು ಹುಡುಗಿ ನೋಡಲು ಹೋದವರ ಹಾಗೆ ಮೂರು ಸಲ ಹೋಗಿ ಬಂದರು. ಕೊನೆಗೆ ಪೊದೆ ಕಡಿಸಿ, ಗಾಲಿ ಕೂರಿಸಿ, ಹಳೆಯದೊಂದು ಎಳೆಯುವ ಲಾರಿಯನ್ನು ಹುಡುಕಿ ಅದಕ್ಕೆ ಗಂಟುಹಾಕಿ, ಬಾಡಿಗೆಗೆ ದನ ಸಾಗಿಸಲೆಂದು ಮನೆಗೆ ತಂದರು. ಗಂಟುಹಾಕಿದರು ಎಂದೇ ಇವರು ಹೇಳುತ್ತಿದ್ದದ್ದು. ನನ್ನತ್ತೆ ಅದಕ್ಕೆ ಆರತಿ ಎತ್ತಿ, ದೃಷ್ಟಿ ತೆಗೆದು, "ಇದೇಮಿರಾ, ಇಂಟಿಕಂಟೆ ಪೆದ್ದದಿ" ಅಂದರು. ಇದೇನೋ, ಮನೆಗಿಂತ ದೊಡ್ಡದಾಗಿದೆ ಎಂದು. ಇವರ ಮನೆಮಾತು ತೆಲುಗು, ನನ್ನದು ಕನ್ನಡ. ನಮ್ಮ ಕಡೆ ಇದು ಇಡ್ಲಿಗೆ ಚಟ್ನಿ ಸೇರಿದಷ್ಟೇ ಸಹಜ.

ಆ ಗಾಡಿಯ ಮೈಕಟ್ಟನ್ನು ನಿಮಗೆ ಹೇಳಬೇಕು. ಪಕ್ಕಗಳಿಗೆ ಉದ್ದುದ್ದನೆಯ ಮರದ ಹಲಗೆಗಳು. ಕೆಳಗಿನವು ಗೊರಸು ಸಿಕ್ಕಿಕೊಳ್ಳದಂತೆ ಒತ್ತಾಗಿ, ಮೇಲಿನವು ಗಾಳಿಯಾಡಲೆಂದು ಬಿಡಿಬಿಡಿಯಾಗಿ. ಒಳಮೂಲೆಗಳು ಚೂಪಾಗಿರಲಿಲ್ಲ, ತಿರುಗುವಾಗ ಹಸುವಿನ ಸೊಂಟದ ಎಲುಬಿಗೆ ತಾಗದಂತೆ ದುಂಡಗಿದ್ದವು. ನೆಲಕ್ಕೆ ಕಾಲು ಜಾರದಂತೆ ಅಡ್ಡಪಟ್ಟಿ, ಗಂಜಲ ಹರಿಯಲು ನಡುವೆ ಕಾಲುವೆ. ಹಿಂದುಗಡೆಯ ಬಾಗಿಲೇ ಕೆಳಗಿಳಿದು ಹತ್ತುವ ಹಲಗೆಯಾಗುತ್ತಿತ್ತು, ಅದನ್ನು ಎತ್ತಲು ಒಬ್ಬನ ಕೈ ಸಾಕಾಗುವಂತೆ ಪಕ್ಕದಲ್ಲಿ ಸ್ಪ್ರಿಂಗುಗಳು. ಮುಂಭಾಗ ಮಾತ್ರ ಎತ್ತರಕ್ಕೆ ಹೋಗಿ ಲಾರಿಯ ಬೆನ್ನಿನ ಮೇಲೆ ಚಾಚಿಕೊಂಡಿತ್ತು. ಅಲ್ಲಿ ಕರುಗಳ ಕೋಣೆ. ಅದರ ಹಿಂದೆ ನೆಲ ತಗ್ಗಾಗಿ ದೊಡ್ಡ ಹಸುಗಳ ಕೋಣೆಗಳು, ಕೋಣೆಗಳ ನಡುವೆ ಗೇಟು. ಯಾವ ದೇಶದ ಯಾವ ಪುಣ್ಯಾತ್ಮ ಇದನ್ನು ಕಟ್ಟಿದನೋ ಗೊತ್ತಿಲ್ಲ, ಕಟ್ಟುವ ಮೊದಲು ಅವನು ಒಂದು ದಿನವಾದರೂ ಕೊಟ್ಟಿಗೆಯಲ್ಲಿ ಮಲಗಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಇಷ್ಟೆಲ್ಲ ಇದ್ದೂ ಆ ಗಾಡಿಗೆ ಮುಂಗಾಲಿಲ್ಲ. ಗಾಲಿಗಳೆಲ್ಲ ಹಿಂದೆಯೇ. ಮುಂದಿನ ಭಾಗಕ್ಕೆ ಆಸರೆಯೆಂದರೆ ಎಳೆಯುವ ಲಾರಿಯ ಬೆನ್ನು. ಅಲ್ಲೊಂದು ಕಬ್ಬಿಣದ ತಟ್ಟೆ, ಇಲ್ಲೊಂದು ಗೂಟ, ಒಂದರೊಳಗೊಂದು ಕೂತರೆ ಇಬ್ಬರೂ ಸೇರಿ ಒಂದು ಗಾಡಿ. ಲಾರಿ ಕಳಚಿಕೊಂಡು ಹೋದರೆ ಟ್ರೇಲರನ್ನು ನಿಲ್ಲಿಸಲು ಎರಡು ಕಬ್ಬಿಣದ ಊರುಗೋಲುಗಳಿದ್ದವು, ಅವು ನಿಲ್ಲುವುದಕ್ಕೆ ಮಾತ್ರ, ನಡೆಯುವುದಕ್ಕಲ್ಲ. ತನ್ನ ಭಾರದಲ್ಲಿ ಒಂದು ಪಾಲನ್ನು ಇನ್ನೊಬ್ಬರು ಹೊರುತ್ತಾರೆಂಬ ನಂಬಿಕೆಯ ಮೇಲೇ ಕಟ್ಟಿದ ಗಾಡಿ ಅದು. ಎತ್ತಿನ ಗಾಡಿ ಹೂಡಿದವರಿಗೆ ಇದು ಬೇಗ ತಿಳಿಯುತ್ತದೆ. ಹೇರು ಮುಂದಾದರೆ ಎತ್ತಿನ ಕತ್ತು ಕುಸಿಯುತ್ತದೆ, ಹಿಂದಾದರೆ ನೊಗ ಮೇಲೆದ್ದು ಕೊರಳಪಟ್ಟಿ ಕತ್ತು ಹಿಸುಕುತ್ತದೆ. ಟ್ರೇಲರಿನದೂ ಅದೇ ನ್ಯಾಯ. ಭಾರವೆಲ್ಲ ಮುಂದೆ ಬಂದರೆ ಲಾರಿಯ ಬೆನ್ನು ಬಗ್ಗುತ್ತದೆ. ಹಿಂದೆ ಹೋದರೆ ಲಾರಿಯ ಗಾಲಿ ನೆಲದ ಹಿಡಿತ ಕಳೆದುಕೊಂಡು ಬರಿದೇ ತಿರುಗುತ್ತದೆ. ಹೆಗಲಿಗೆ ಬೀಳುವ ಪಾಲು ಹೆಚ್ಚೂ ಆಗಬಾರದು, ಇಲ್ಲದೆಯೂ ಇರಬಾರದು. ಸಂಸಾರದ ವಿಚಾರ ಹೇಳುತ್ತಿದ್ದೇನೆಂದು ನೀವು ಅಂದುಕೊಂಡರೆ ನಾನು ಬೇಡವೆನ್ನುವುದಿಲ್ಲ.

ಭಾರಗಳಲ್ಲೂ ಜಾತಿ ಉಂಟು. ನಮ್ಮ ಕೋಲಾರದ ರಸ್ತೆಗಳಲ್ಲಿ ಟೊಮೇಟೊ ತುಂಬಿದ ಲಾರಿಗಳಿಗೆ ಬರವಿಲ್ಲ. ಕ್ರೇಟಿನೊಳಗಿನ ಟೊಮೇಟೊ ಕೂರಿಸಿದ ಕಡೆ ಕೂರುತ್ತದೆ, ವಡ್ಡಹಳ್ಳಿ ಮಂಡಿಯಲ್ಲಿ ಹೇಗೆ ಹತ್ತಿತೋ ಹಾಗೇ ಇಳಿಯುತ್ತದೆ. ಹಸು ಹಾಗಲ್ಲ. ಗಾಡಿ ಓಡುವಷ್ಟು ಹೊತ್ತೂ ಅದು ನಿಂತೇ ಇರುತ್ತದೆ. ಬ್ರೇಕು ಹಾಕಿದರೆ ಮುಂದಕ್ಕೆ ಬರುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಒರಗುತ್ತದೆ, ಹೊರಗೆ ಹುಲ್ಲಿನ ಮೆದೆ ಕಂಡರೆ ಎಲ್ಲವೂ ಒಂದೇ ಕಡೆಗೆ ಮೂತಿ ಚಾಚುತ್ತವೆ. ಶ್ರೀನಿವಾಸಪುರದ ದಾರಿಯಲ್ಲಿ ಮಾವಿನ ತೋಪು ಬಂತೆಂದರೆ ಬಾಷಾ ಗಾಡಿಯ ವೇಗವನ್ನೇ ತಗ್ಗಿಸುತ್ತಿದ್ದ. ಆದರೆ ಇವರು ಹೇಳುತ್ತಿದ್ದ ಇನ್ನೊಂದು ಮಾತುಂಟು. ನಿಂತ ಹಸು ಎಷ್ಟೇ ತೂಗಲಿ, ತನ್ನ ಭಾರವನ್ನು ತಾನೇ ನಾಲ್ಕು ಕಾಲಿಗೆ ಹಂಚಿಕೊಂಡು, ಅಲುಗಾಡಿದ ಕಡೆಗೆಲ್ಲ ತಾನೇ ತಿದ್ದಿಕೊಂಡು, ಗಾಡಿಗೆ ಎಷ್ಟು ಸಹಾಯ ಮಾಡಬೇಕೋ ಅಷ್ಟು ಮಾಡುತ್ತದೆ. ಅದು ಒಮ್ಮೆ ಕುಸಿದು ಬಿದ್ದರೆ ಮುಗಿಯಿತು, ಬೇರೆಯವೂ ಅದಕ್ಕೆ ಎಡವಿ ಬೀಳುತ್ತವೆ. ಅದಕ್ಕೇ ಆ ಗೇಟುಗಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತೇವಲ್ಲ, ಹಾಗೆ ಎಳೆದಾಡದೆ ಹತ್ತು ಜೀವಗಳು ಒಂದೇ ನೆಲದ ಮೇಲೆ ನಿಂತು ಊರು ಸೇರುವುದೆಂದರೆ ಸಣ್ಣ ಮಾತಲ್ಲ.

ಒಮ್ಮೆ ಮಾತ್ರ ಇವರಿಗೆ ಮನಸ್ಸಿಗೆ ಒಪ್ಪುವ ಸರಕು ಸಿಕ್ಕಿತ್ತು. ಶಿವಾರಪಟ್ಟಣದ ಶಿಲ್ಪಿಯೊಬ್ಬರು ಕ್ಯಾಲನೂರಿನ ಕಡೆಯ ಗುಡಿಗೆ ಕೆತ್ತಿದ ಕಲ್ಲಿನ ನಂದಿಯನ್ನು ಹುಲ್ಲು ಸುತ್ತಿ ಈ ಗಾಡಿಯಲ್ಲೇ ಕಳಿಸಿದರು. ಗಾಲಿಗಳ ನೇರಕ್ಕೆ ನಂದಿ, ಅದರ ಹಿಂದೆ ಮುಂದೆ ನಿಜವಾದ ಹಸುಗಳು. ದಾರಿಯಲ್ಲಿ ಒಂದು ಹಸು ನಂದಿಗೆ ಸುತ್ತಿದ್ದ ಹುಲ್ಲನ್ನೆಲ್ಲ ಕಿತ್ತು ತಿಂದಿತ್ತಂತೆ. ಗುಡಿಯವರ ಮುಂದೆ ಬಾಗಿಲು ತೆರೆದರೆ ದೇವರು ಬೋಳಾಗಿ ಕೂತಿದ್ದಾನೆ, ಪಕ್ಕದಲ್ಲಿ ಹಸು ಮೆಲುಕು ಹಾಕುತ್ತಿದೆ. ಪೂಜಾರಿಗಳು ಕೋಪಿಸಿಕೊಳ್ಳುವರೋ ಏನೋ ಎಂದು ಇವರು ಹೆದರಿದ್ದರೆ, ಅವರು ಹಸುವಿಗೇ ಮೊದಲು ಕುಂಕುಮ ಇಟ್ಟರಂತೆ. "ನನ್ನ ಸರ್ವೀಸಲ್ಲೇ ಅಲ್ಲಾಡದೆ ಬಂದ ದನ ಅಂದ್ರೆ ಅದೊಂದೇ ಕಣೇ" ಎಂದು ಇವರು ಬಹಳ ವರ್ಷ ಹೇಳಿಕೊಂಡು ನಗುತ್ತಿದ್ದರು. ಆ ನಗು ದೊಡ್ಡದು, ಬೀದಿಯ ಕೊನೆಗೆ ಕೇಳಿಸುತ್ತಿತ್ತು.

ದನ ಹತ್ತಿಸುವ ಹೊತ್ತಿಗೆ ನಾನೂ ಎಷ್ಟೋ ಸಲ ಬಾಗಿಲಲ್ಲಿ ನಿಂತು ನೋಡಿದ್ದುಂಟು. ಬಾಷಾನಿಗೆ ಆತುರ. "ಅಣ್ಣಾ, ಇನ್ನೊಂದು ಹಸು ಮುಂದಕ್ಕೆ ಹಾಕ್ಬಿಡು, ನಮ್ಮ ಲಾರಿ ಎಳೀತದೆ, ಏಮೀ ಕಾದು" ಅನ್ನುತ್ತಿದ್ದ. ಏನೂ ಆಗದು ಎಂದು ಅವನ ಧೈರ್ಯ. ಇವರು ಒಪ್ಪುತ್ತಿರಲಿಲ್ಲ. "ಎಳೀತದೆ ಅಂತ ಹೇರ್ತಾ ಹೋಗೋದೇನ್ಲಾ? ಅದಕ್ಕೆ ಬಾಯಿಲ್ಲ ಅಂತ ಬೆನ್ನು ಮುರೀತೀಯಾ?" ಎಂದು ಹಸುವನ್ನು ಇಳಿಸಿ, ತಿರುಗಿಸಿ, ಹಿಂದಿನ ಕೋಣೆಯಲ್ಲಿ ನಿಲ್ಲಿಸಿ, ಲಾರಿಯ ಬೆನ್ನನ್ನು ಕೂತು ನೋಡಿ, ಆಮೇಲೆಯೇ ಹೊರಡುತ್ತಿದ್ದರು. ಎಳೆಯುವವನಿಗೆ ನೋವಾಗಬಾರದು ಎಂಬುದು ಇವರ ಒಂದೇ ವೇದ. ಮನೆಯಲ್ಲೂ ಹಾಗೆಯೇ. ನಾನು ಕೊಡ ಎತ್ತಿದರೆ ಓಡಿ ಬಂದು ಕಸಿದುಕೊಳ್ಳುತ್ತಿದ್ದರು, ಜ್ವರ ಬಂದರೆ ಒಂದು ಲೋಟ ನೀರು ಕೇಳುತ್ತಿರಲಿಲ್ಲ. ಒಳ್ಳೆಯ ಗುಣ ಎಂದು ಎಲ್ಲರೂ ಹೊಗಳುತ್ತಿದ್ದರು. ನಾನೂ ಹಿಗ್ಗುತ್ತಿದ್ದೆ.

ಕಾಲ ಬದಲಾಯಿತು. ಒಂದೊಂದೇ ಹಸುವನ್ನು ಬೇಕಾದ ಮನೆಯ ಬಾಗಿಲಿಗೇ ತಂದಿಳಿಸುವ ಪುಟ್ಟ ಪುಟ್ಟ ಗಾಡಿಗಳು ಬಂದವು. ಎಳೆಯುವ ಲಾರಿಯ ಎಂಜಿನ್ ಸತ್ತಿತು, ಅದನ್ನು ಯಾರೋ ಬಿಡಿಭಾಗಕ್ಕೆಂದು ಒಯ್ದರು. ಟ್ರೇಲರು ಮಾತ್ರ ನಮ್ಮ ಅಂಗಳದ ಪಕ್ಕದಲ್ಲಿ ತನ್ನ ಎರಡು ಊರುಗೋಲುಗಳ ಮೇಲೆ ನಿಂತುಬಿಟ್ಟಿತು. ಒಳಗೆ ರಾಗಿಹುಲ್ಲು ಒಟ್ಟಿದೆವು. ಕರುಗಳ ಕೋಣೆಯಲ್ಲಿ ಕೋಳಿಗಳು ಮೊಟ್ಟೆಯಿಟ್ಟವು. ಇವರು ಬೆಳಗಿನ ಕಾಫಿ ಲೋಟ ಹಿಡಿದು ಅದರ ನೆರಳಿನಲ್ಲಿ ಕೂರುತ್ತಿದ್ದರು, ಬಾಷಾ ಬಂದ ದಿನ ಇಬ್ಬರೂ ಅದನ್ನೊಂದು ಸುತ್ತು ಹಾಕಿ, ಇಲ್ಲಿ ತಟ್ಟಿ ಅಲ್ಲಿ ಮುಟ್ಟಿ, ಹಳೆಯ ತಿರುವುಗಳನ್ನೆಲ್ಲ ಬಾಯಲ್ಲೇ ಓಡಿಸುತ್ತಿದ್ದರು. ಜಾಗ ದಂಡವಾಯಿತೆಂದು ನಾನು ಗೊಣಗುತ್ತಿದ್ದರೂ ಆ ಇಬ್ಬರ ಮುಖ ನೋಡಿ ಇನ್ನೊಂದು ಲೋಟ ಕಾಫಿ ತಂದುಕೊಡುತ್ತಿದ್ದೆ.

ಹೋದ ವರ್ಷದ ಹಿಂದಿನ ವರ್ಷ, ರಾಗಿ ಕೊಯ್ಲಿನ ಸಮಯ. ಬೆಳಿಗ್ಗೆ ಕಾಫಿ ಕೊಡಲು ಹೋದರೆ ಇವರ ಎಡಗೈ ಲೋಟ ಹಿಡಿಯಲಿಲ್ಲ. ಬಾಯಿ ಒಂದು ಕಡೆಗೆ ಜಾರಿತ್ತು. ಅಳಿಯ ಕೂಡಲೇ ಕಾರು ತಂದ, ಕೋಲಾರದ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಜೀವ ಉಳಿಯಿತು. ಎಡಗೈ ಎಡಗಾಲು ಬದುಕಿಯೂ ಬದುಕಿಲ್ಲದಂತಾದವು. ಮಾತಿನಲ್ಲಿ ಕನ್ನಡ ಎಲ್ಲೋ ಅಡಗಿಕೊಂಡು, ಬಂದರೆ ಒಂದೆರಡು ತೆಲುಗು ಪದ ಬರುತ್ತಿದ್ದವು, ತಾಯಿ ಕಲಿಸಿದ್ದು ಕೊನೆಗೆ ಉಳಿಯುತ್ತದೆಯೋ ಏನೋ. ಮನೆಗೆ ಬಂದು ವ್ಯಾಯಾಮ ಮಾಡಿಸಲು ಒಬ್ಬ ಹುಡುಗಿ ಗೊತ್ತಾದಳು. ತುಂಬ ನಗುಮುಖದವಳು, ಫಿಸಿಯೋ ಎಂದೇ ಕರೆಯುತ್ತಿದ್ದೆವು. ಅವಳು ಹೇಳಿದ್ದು ಸರಳವಾಗಿತ್ತು. ಇವರು ಬಲಗಾಲಿನ ಮೇಲೇ ಪೂರ್ತಿ ನಿಂತರೆ ಎಡಗಾಲು ಎಂದೆಂದಿಗೂ ಕಲಿಯುವುದಿಲ್ಲ. ನಾನು ಎಡಪಕ್ಕದಲ್ಲಿ ನಿಲ್ಲಬೇಕು, ಇವರ ಎಡಗೈ ನನ್ನ ಹೆಗಲ ಮೇಲಿರಬೇಕು, ಇವರು ಧೈರ್ಯವಾಗಿ ನನ್ನ ಕಡೆಗೆ ಒರಗಿ ಆ ಕಾಲಿಗೆ ಭಾರ ಕೊಡಬೇಕು. ಹೀಗೆ ಮಾಡಿದರೆ ನಡೆಯುತ್ತಾರೆ. ಬೇಗ ಮಾಡದಿದ್ದರೆ ಹಾಸಿಗೆಯೇ ಗತಿ.

"ಅಂಕಲ್, ಆಂಟಿ ಮೇಲೆ ಭಾರ ಬಿಡಿ, ಏನಾಗಲ್ಲ, ಆಂಟಿ ಗಟ್ಟಿ ಇದಾರೆ" ಎಂದು ಅವಳು ದಿನಾ ಹೇಳುತ್ತಿದ್ದಳು. ಇವರು ತಲೆಯಾಡಿಸುತ್ತಿದ್ದರು. ಎದ್ದು ನಿಂತ ಕೂಡಲೇ ಮಾತ್ರ ಮೈಯನ್ನೆಲ್ಲ ಬಲಕ್ಕೆ ಎಳೆದುಕೊಂಡುಬಿಡುತ್ತಿದ್ದರು. ನನ್ನ ಹೆಗಲ ಮೇಲೆ ಕೈ ಇರುತ್ತಿತ್ತು, ಕೈಯಲ್ಲಿ ತೂಕವಿರುತ್ತಿರಲಿಲ್ಲ. ಮೊದಮೊದಲು ಹೆದರಿಕೆಯೆಂದುಕೊಂಡೆವು. ಆಮೇಲೆ ಅವರ ಕಣ್ಣು ನನಗೆ ಹೇಳಿತು. ಲಾರಿಯ ಬೆನ್ನನ್ನು ಕೂತು ನೋಡುತ್ತಿದ್ದರಲ್ಲ, ಅದೇ ನೋಟದಲ್ಲಿ ನನ್ನ ಬೆನ್ನನ್ನು ನೋಡುತ್ತಿದ್ದರು. ನನ್ನ ಮೈ ಬಗ್ಗೀತೇ, ಮಂಡಿ ನಡುಗೀತೇ ಎಂದು ಲೆಕ್ಕ ಹಾಕುತ್ತಿದ್ದರು. ಒಂದು ಜನ್ಮವಿಡೀ ಹಸುಗಳನ್ನು ಹಿಂದಕ್ಕೆ ಮುಂದಕ್ಕೆ ಮಾಡಿ ಎಳೆಯುವವನನ್ನು ಕಾಪಾಡಿದ ಮನುಷ್ಯನಿಗೆ, ಈಗ ನೀನೇ ಹೋಗಿ ಬೇರೆಯವರ ಮೇಲೆ ಬೀಳು ಎಂದರೆ ಹೇಗೆ ಬೀಳಬೇಕು? ನಾನು ಗೋಗರೆದೆ, ಗದರಿದೆ. "ರೀ, ನಾನೇನು ಗಾಜಿನ ಬೊಂಬೆನಾ? ಒಂದ್ಸಲ ಒರಗಿ ನೋಡ್ರೀ" ಎಂದು ಅತ್ತೂ ಬಿಟ್ಟೆ. ಅವರೂ ಅತ್ತರು, ಒರಗಲಿಲ್ಲ. ಆ ಒಳ್ಳೆಯ ಗುಣದ ಮೇಲೆ ನನಗೆ ಹುಟ್ಟಿದ ಸಿಟ್ಟು ಅಷ್ಟಿಷ್ಟಲ್ಲ. ನನ್ನನ್ನು ಕಾಯುತ್ತ ಕಾಯುತ್ತ ನನ್ನಿಂದಲೇ ತನ್ನನ್ನು ದೂರ ಹಿಡಿದಿದ್ದರು.

ಇಷ್ಟರಲ್ಲಿ ಬಾಷಾ ಒಂದು ಉಪಾಯ ತಂದ. ಜಗಲಿಯ ಮೆಟ್ಟಿಲು ಇವರಿಗೆ ಇಳಿಯಲಾಗುತ್ತಿರಲಿಲ್ಲ. ಟ್ರೇಲರಿನ ಹಿಂಬಾಗಿಲ ಹಲಗೆ ಹೇಗೂ ಸುಮ್ಮನೆ ಬಿದ್ದಿದೆ, ಗಬ್ಬದ ಹಸುವೂ ಜಾರದೆ ಹತ್ತುವಷ್ಟು ಸಲೀಸಾದ ಇಳಿಜಾರು, ಅದನ್ನೇ ಕಿತ್ತು ಜಗಲಿಗೆ ಆನಿಸಿದರೆ ಅಣ್ಣ ಅಂಗಳಕ್ಕೆ ಇಳಿದಾರು. ಅವನೂ ನಮ್ಮ ಅಳಿಯನೂ ಬೆವರು ಸುರಿಸಿ ಹಲಗೆ ಕೂರಿಸಿದರು. ಅದಕ್ಕೆ ಮೆತ್ತಿದ್ದ ಸಗಣಿಯ ಹಳೆಯ ಕಲೆಗಳನ್ನು ನಾನು ಉಜ್ಜಿ ತೊಳೆದೆ. ತನ್ನ ಗಾಡಿಯ ಹಲಗೆಯೆಂದು ಗುರುತಿಸಿ ಇವರ ಮುಖ ಬಹಳ ದಿನದ ಮೇಲೆ ಅರಳಿತು, ಬಲಗೈಯಿಂದ ಅದರ ಅಂಚನ್ನು ಸವರಿದರು. ನಮಗೆಲ್ಲ ಹಬ್ಬದಂಥ ಸಂಭ್ರಮ. ಯಾರಿಗೂ ಹೊಳೆಯದೆ ಹೋದದ್ದೆಂದರೆ ಆ ಹಲಗೆಯ ಅಡ್ಡಪಟ್ಟಿಗಳು. ಹಸು ಕಾಲೆತ್ತಿ ಇಡುತ್ತದೆ, ಗೊರಸು ಪಟ್ಟಿಗೆ ಆತು ನಿಲ್ಲುತ್ತದೆ. ಇವರ ಎಡಗಾಲು ಏಳುತ್ತಿರಲಿಲ್ಲ, ಎಳೆದುಕೊಂಡು ಬರುತ್ತಿತ್ತು. ಎರಡನೆಯ ಪಟ್ಟಿಗೆ ಹೆಬ್ಬೆರಳು ಸಿಕ್ಕಿತು. ಇವರು ಬಿದ್ದರು. ಬೀಳುವಾಗಲೂ ನನ್ನ ಹೆಗಲಿನಿಂದ ಕೈ ಜಾರಿಸಿಕೊಂಡು, ನನ್ನ ಮೇಲೆ ಬೀಳದಂತೆ ಆಚೆಯ ಪಕ್ಕಕ್ಕೇ ಬಿದ್ದರು.

ಎಲುಬು ಮುರಿಯಲಿಲ್ಲ. ಮುರಿದದ್ದು ಬೇರೆ. ಅಂದಿನಿಂದ ಇವರು ಏಳುವುದನ್ನೇ ಬಿಟ್ಟರು. ಫಿಸಿಯೋ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬಾಷಾ ಒಂದು ವಾರ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಬಂದ ದಿನ ಮಂಚದ ಕಾಲಬುಡದಲ್ಲಿ ಕೂತು, "ಅಣ್ಣಾ, ದನಕ್ಕೂ ಮನುಷ್ಯನಿಗೂ ಒಂದೇ ಹಲಗೆ ಅಂದ್ಕೊಂಡ್ನಲ್ಲಣ್ಣಾ" ಎಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಇವರು ಬಲಗೈ ನೀಡಿ ಅವನ ತಲೆ ಮುಟ್ಟಿದರು. ನನಗೆ ಹೆದರಿಕೆ ಹತ್ತಿತು. ಹಾಸಿಗೆ ಹಿಡಿದು ಸವೆದವರನ್ನು ನಾನು ಕಂಡಿದ್ದೇನೆ. ಇವರು ಹಾಗೆ ಸವೆಯುವುದನ್ನು ನೋಡುವ ಶಕ್ತಿ ನನಗಿರಲಿಲ್ಲ, ಅದನ್ನು ಯಾರೊಂದಿಗೂ ಹೇಳಿಕೊಳ್ಳಲೂ ಆಗದೆ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕೆಗೆ ತಲೆಯಿಟ್ಟು ಹಾಲು ಕರೆಯುತ್ತ ಅಳುತ್ತಿದ್ದೆ.

ಟ್ರೇಲರನ್ನು ಕೊಟ್ಟುಬಿಡಲು ಹೇಳಿದವರು ಇವರೇ. ಒಂದು ಮಧ್ಯಾಹ್ನ ಕಿಟಕಿಯಾಚೆ ಅದನ್ನೇ ನೋಡುತ್ತಿದ್ದವರು ನನ್ನ ಕಡೆ ತಿರುಗಿ, "ಇಚ್ಚೇಯ್" ಅಂದರು. ಕೊಟ್ಟುಬಿಡು. ನಾನು ಬೇಡವೆಂದೆ, ಇರಲಿ ಬಿಡಿ ಎಂದೆ. ಜಾಗ ದಂಡವೆಂದು ಗೊಣಗುತ್ತಿದ್ದವಳೇ ಈಗ ಅದರ ಪರ ವಾದ ಮಾಡಿದೆ. ಇವರು ಅದೇ ಪದವನ್ನು ಮತ್ತೊಮ್ಮೆ ಹೇಳಿ ಕಣ್ಣು ಮುಚ್ಚಿದರು. ಗಾಲಿಗಳೆಲ್ಲ ಕೊಳೆತು ಹೋಗಿದ್ದರಿಂದ ಅದನ್ನು ಎಳೆದುಕೊಂಡು ಹೋಗುವಂತಿರಲಿಲ್ಲ, ಇದ್ದಲ್ಲೇ ಕತ್ತರಿಸಬೇಕು. ಗುಜರಿಯವರು ಗ್ಯಾಸಿನ ಕಟ್ಟರು ತಂದರು.

ಆ ಬೆಳಿಗ್ಗೆ ಇವರು ಮಂಚದ ಮೇಲೆ ತಾನೇ ಎದ್ದು ಕೂತಿದ್ದರು. ಬಾಗಿಲ ಕಡೆ ಕೈ ತೋರಿದರು. ನಾನು ಎಬ್ಬಿಸಿ, ಎಡಗೈಯನ್ನು ನನ್ನ ಬಲಹೆಗಲಿನ ಮೇಲೆ ಹಾಕಿಕೊಂಡು, ಜಗಲಿಯ ಅಂಚಿಗೆ ಕರೆತಂದೆ. ಬಲಗೈಯಲ್ಲಿ ಕಂಬ ಹಿಡಿದು, ಎಂದಿನಂತೆ ನನಗೆ ಏನನ್ನೂ ಕೊಡದೆ ನಿಂತರು. ಗುಜರಿಯವರು ಮೊದಲು ಹಲಗೆಗಳನ್ನು ಕಳಚಿ ಒಂದರ ಮೇಲೊಂದು ಜೋಡಿಸಿದರು. ಗೇಟುಗಳು ಹೋದವು. ಕೋಳಿಗಳು ಕೂಗಾಡಿ ಬೇಲಿ ಹಾರಿದವು. ಆಮೇಲೆ ಮುಂಭಾಗದ ಕೆಳಗೆ ಜಾಕು ಕೊಟ್ಟು, ಆ ಎರಡು ಊರುಗೋಲುಗಳನ್ನು ಕತ್ತರಿಸಿದರು. ಜಾಕು ಇಳಿಸುತ್ತ ಬಂದಂತೆ ಗಾಡಿಯ ಮುಂಭಾಗ, ಹಸು ಮಲಗುವ ಮುನ್ನ ಮುಂಗಾಲು ಮಡಿಸುತ್ತದಲ್ಲ, ಹಾಗೆ ನಿಧಾನವಾಗಿ ತಗ್ಗಿ ನೆಲ ಮುಟ್ಟಿತು. ಬಾಷಾ ಆ ಕಡೆ ತಿರುಗಿ ನಿಂತಿದ್ದ.

ಆಗ ಇವರ ಬಲಗೈ ಕಂಬವನ್ನು ಬಿಟ್ಟಿತು. ಮರುಕ್ಷಣ ಅಷ್ಟೂ ಭಾರ ನನ್ನ ಮೇಲೆ ಬಂತು. ಎಷ್ಟೋ ವರ್ಷ ಕೂಡಿ ಬಾಳಿದ ಆ ಮನುಷ್ಯನ ಮೈ ಅಷ್ಟು ಭಾರವಿದೆಯೆಂದು ನನಗೆ ಗೊತ್ತಿರಲಿಲ್ಲ. ನನ್ನ ಮಂಡಿ ನಡುಗಿತು, ಕಾಲಬೆರಳುಗಳನ್ನು ನೆಲಕ್ಕೆ ಊರಿದೆ, ಸೊಂಟದಲ್ಲೊಂದು ನರ ಛಳಕ್ಕೆಂದಿತು. ಆದರೆ ನಿಂತೆ. ಅವರ ಎಡಗಾಲು ನನ್ನ ಕಾಲಿನ ಪಕ್ಕದಲ್ಲಿ ಪೂರ್ತಿಯಾಗಿ ನೆಲಕ್ಕೆ ಊರಿತ್ತು. ಗಾಡಿಯನ್ನು ಬಿಟ್ಟು ನನ್ನ ಮುಖವನ್ನು ನೋಡಿ, ತೊದಲುತ್ತ, "ಬರುವುಗಾ ಉಂದಾ?" ಎಂದು ಕೇಳಿದರು. ಭಾರವಾಗುತ್ತಿದೆಯೇ ಎಂದು. "ಲೇದು" ಅಂದೆ. ಇಲ್ಲವೆಂದು ನಾನು ಹೇಳಿದ್ದು ಸುಳ್ಳೆಂದು ಅವರಿಗೂ ಗೊತ್ತಿತ್ತು, ಆದರೂ ಕೈ ತೆಗೆಯಲಿಲ್ಲ. ಬಹಳ ಹೊತ್ತು ಹಾಗೇ ನಿಂತಿದ್ದೆವು. ನನಗೆ ಬೇಕಾದದ್ದು ಸಿಕ್ಕಿತ್ತು, ಅವರದ್ದೆಂಬುದೆಲ್ಲ ಹೋದ ಬೆಳಿಗ್ಗೆಯೇ ಅದು ಸಿಗಬೇಕಿತ್ತೇ ಎಂದು ಎದೆ ಒಡೆಯಿತು.

ಮಾರನೆಯ ದಿನದಿಂದ ನಡೆದರು. ಮೊದಲು ಕೊಟ್ಟಿಗೆಯವರೆಗೆ, ಆಮೇಲೆ ಬೀದಿಯ ಹುಣಸೆಮರದವರೆಗೆ, ಆ ಮರ ಹೂ ಬಿಡುವ ಕಾಲ ಬರುವ ಹೊತ್ತಿಗೆ ಹಿಪ್ಪುನೇರಳೆ ತೋಟದ ಬದುವಿನವರೆಗೆ. ಫಿಸಿಯೋ ಚಪ್ಪಾಳೆ ತಟ್ಟಿದಳು. ಒಂದು ಹೆಜ್ಜೆಗೆ ಅವರ ಭಾರ ನನಗೆ, ಮರುಹೆಜ್ಜೆಗೆ ಅವರಿಗೇ ವಾಪಸು, ಹೀಗೆ ಕೊಟ್ಟು ತೆಗೆದುಕೊಳ್ಳುತ್ತ ಹೋಗುತ್ತಿದ್ದೆವು. ಮದುವೆಯಾದ ಹೊಸತರಲ್ಲಿ ಕೂಡ ಅವರು ನನಗೆ ಅಷ್ಟು ಹತ್ತಿರ ಬಂದಿರಲಿಲ್ಲ. ಈ ವರ್ಷ ಅವರೆಕಾಯಿ ಸುಗ್ಗಿಯಲ್ಲಿ ಎರಡನೆಯ ಸಲ ಹೊಡೆತ ಬಿತ್ತು. ನಿದ್ದೆಯಲ್ಲೇ ಹೋದರು. ಯಾರ ಮೇಲೂ ಬೀಳದೆ ಹೋದರೆಂದು ಬಂದವರೆಲ್ಲ ಪುಣ್ಯವಂತರೆಂದರು.

ಮೊನ್ನೆ ಮಗಳು ಬಲವಂತ ಮಾಡಿ ರವಿಕೆ ಹೊಲಿಸಲು ಕರೆದುಕೊಂಡು ಹೋದಳು. ಬೀದಿಯ ಕೊನೆಯ ಮನೆಯ ರತ್ನ, ನನ್ನ ಅಳತೆಯನ್ನು ಬಾಯಿಪಾಠ ಮಾಡಿಕೊಂಡಿರುವವಳು, ಟೇಪು ಹಿಡಿದು ಹಿಂದಿನಿಂದ ಒಮ್ಮೆ ನೋಡಿದಳು, ಮತ್ತೆ ನೋಡಿದಳು.

"ಅಕ್ಕಾ, ನಿಮ್ ಬಲಭುಜ ತಗ್ಗಾಗ್ಬಿಟ್ಟಿದೆ ಕಣಕ್ಕಾ. ನೇರ ನಿಂತ್ಕೊಳ್ಳಿ ನೋಡಾನ."

ನೇರ ನಿಂತೆ. ಭುಜ ಏಳಲಿಲ್ಲ.

"ಪರ್ವಾಗಿಲ್ಲ ಬಿಡಿ, ಆ ಕಡೆಗೆ ಒಳಗೊಂದು ಸಣ್ಣ ಪ್ಯಾಡ್ ಇಟ್ಟು ಹೊಲೀತೀನಿ. ಎರಡೂ ಸಮ ಕಾಣ್ತದೆ, ಯಾರ್ಗೂ ಗೊತ್ತಾಗಲ್ಲ."

"ಬೇಡಮ್ಮಾ" ಅಂದೆ. "ಇರೋ ಹಾಗೇ ಹೊಲಿ."